ಜರಡಿಗೆ ಸಿಕ್ಕಿದ ಹೆಸರುಗಳು

ಇಂಗ್ಲೆಂಡಿನ ಲಿಂಕನ್‌ಷೈರ್ ಸೀಮೆಯಲ್ಲಿ ಸ್ಕನ್‌ಥಾರ್ಪ್ ಎಂಬ ಊರಿದೆ. ಉಕ್ಕಿನ ಕಾರ್ಖಾನೆಗಳಿಂದ ಹೆಸರಾದ ಊರು. 1086ರಲ್ಲಿ ವಿಲಿಯಂ ದೊರೆಯು ತನ್ನ ರಾಜ್ಯದ ಭೂಮಿಕಾಣಿಗಳನ್ನೆಲ್ಲ ಲೆಕ್ಕ ಹಾಕಿಸಿ ಬರೆಸಿದ 'ಡೂಮ್ಸ್‌ಡೇ' ಕಡತದಲ್ಲಿಯೇ ಅದರ ಪ್ರಸ್ತಾಪ ಬರುತ್ತದೆ. ಹಳೆಯ ನಾರ್ಸ್ ಭಾಷೆಯಲ್ಲಿ 'ಥಾರ್ಪ್' ಎಂದರೆ ಒಕ್ಕಲುಮನೆ, ಸಣ್ಣ ಹಳ್ಳಿ; ಸ್ಕೂಮ ಎಂಬವನ ಹಳ್ಳಿ ಎಂಬುದೇ ಈ ಹೆಸರಿನ ಅರ್ಥ. ಯಾವ ಕಾಲದಲ್ಲಿಯೋ ಅಲ್ಲಿ ನೆಲೆಸಿದ ಒಬ್ಬ ಒಕ್ಕಲಿಗನ ನೆನಪನ್ನು ಆ ಊರು ಒಂಬೈನೂರು ವರ್ಷಗಳಿಗೂ ಮೇಲ್ಪಟ್ಟು ಕಾಪಾಡಿಕೊಂಡು ಬಂದಿತ್ತು. 1996ರ ಏಪ್ರಿಲ್ ತಿಂಗಳಲ್ಲಿ ಒಂದು ಯಂತ್ರವು ಅದನ್ನು ಅಶ್ಲೀಲವೆಂದು ತೀರ್ಮಾನಿಸಿತು.

ಅಂತರಜಾಲವು ಮನೆಮನೆಗೆ ಕಾಲಿಡುತ್ತಿದ್ದ ಕಾಲ ಅದು. ಅಮೆರಿಕ ಆನ್‌ಲೈನ್ ಎಂಬ ಕಂಪನಿ ಆ ಸೇವೆಯನ್ನು ಒದಗಿಸುತ್ತಿತ್ತು. ಚಂದಾದಾರನಾಗಬಯಸಿದವನು ತನ್ನ ಹೆಸರು, ಊರು, ವಿಳಾಸಗಳನ್ನು ಬರೆದು ಕೊಡಬೇಕು. ಸ್ಕನ್‌ಥಾರ್ಪಿನವರು ತಮ್ಮ ಊರಿನ ಹೆಸರನ್ನು ಬರೆದರೆ ಅರ್ಜಿ ಸ್ವೀಕಾರವಾಗಲೊಲ್ಲದು. ಕಾರಣವಿಷ್ಟೆ: ಆ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು, ಮೊದಲ ಅಕ್ಷರವನ್ನು ಬಿಟ್ಟು, ಮುಂದಿನ ನಾಲ್ಕನ್ನು ಕೂಡಿಸಿ ಓದಿದರೆ ಸಭ್ಯರು ನಾಲಗೆಯ ಮೇಲೆ ತರದ ಒಂದು ಮಾತು ಕಾಣುತ್ತದೆ. ಕಂಪನಿ ಕಂಡುಕೊಂಡ ತಾತ್ಕಾಲಿಕ ಪರಿಹಾರ ಇನ್ನೂ ಸ್ವಾರಸ್ಯವಾದುದು. ಯಂತ್ರವನ್ನು ತಿದ್ದುವ ಬದಲು ಅದು ಊರಿನ ಹೆಸರನ್ನೇ ತಿದ್ದಿತು. 'ಯು' ಇದ್ದಲ್ಲಿ 'ಓ' ಹಾಕಿ 'ಸ್ಕಾನ್‌ಥಾರ್ಪ್' ಎಂದು ಬರೆದುಕೊಂಡಿತು. ನೆಗಡಿ ಬಂತೆಂದು ಮೂಗನ್ನೇ ಕೊಯ್ದ ಹಾಗೆ! ಅಂದಿನಿಂದ ಗಣಕಯಂತ್ರದ ತಜ್ಞರು ಈ ಜಾತಿಯ ತಪ್ಪಿಗೆಲ್ಲ 'ಸ್ಕನ್‌ಥಾರ್ಪ್ ಸಮಸ್ಯೆ' ಎಂದೇ ಹೆಸರಿಟ್ಟಿದ್ದಾರೆ.

ಕಂಪನಿಯ ಉದ್ದೇಶವೇನೂ ಕೆಟ್ಟದಲ್ಲ. ಹೊಸ ಮಾಧ್ಯಮದಲ್ಲಿ ಹೊಲಸು ಮಾತು ಮಕ್ಕಳ ಕಣ್ಣಿಗೆ ಬೀಳುತ್ತದೆಂಬ ಆತಂಕ ಆಗ ಅಮೆರಿಕದಲ್ಲಿ ವ್ಯಾಪಕವಾಗಿತ್ತು. ಅಂತರಜಾಲದಲ್ಲಿ ಅಸಭ್ಯತೆಯನ್ನು ತಡೆಯಲು 1996ರ ಫೆಬ್ರವರಿಯಲ್ಲಿ ಒಂದು ಕಾನೂನೇ ಬಂದಿತು. ಮರುವರ್ಷದ ಜೂನ್ ತಿಂಗಳಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಅದರ ಮುಖ್ಯ ವಿಧಿಗಳನ್ನು ತಳ್ಳಿಹಾಕಿತು. ಲಕ್ಷಾಂತರ ಜನ ಬರೆಯುವುದನ್ನೆಲ್ಲ ಮನುಷ್ಯರು ಓದಿ ನೋಡುವುದು ಆಗದ ಮಾತು. ಆದುದರಿಂದ ನಿಷಿದ್ಧ ಶಬ್ದಗಳ ಒಂದು ಪಟ್ಟಿ ಮಾಡಿ ಯಂತ್ರದ ಕೈಗೆ ಕೊಟ್ಟರು. ಯಂತ್ರ ಬಂದ ಬರೆಹವನ್ನೆಲ್ಲ ಜರಡಿ ಹಿಡಿಯಿತು. ಇದೇ ಕಂಪನಿ 1995ರ ಕೊನೆಯಲ್ಲಿ 'ಸ್ತನ' ಎಂಬರ್ಥದ ಇಂಗ್ಲಿಷ್ ಪದವನ್ನು ನಿಷೇಧಿಸಿದಾಗ ಸ್ತನದ ಕ್ಯಾನ್ಸರಿನಿಂದ ನರಳುವ ಹೆಂಗಸರು ತಮ್ಮ ರೋಗದ ಹೆಸರನ್ನೇ ಹೇಳದಂತಾಗಿ ಪ್ರತಿಭಟಿಸಬೇಕಾಯಿತು. ಕಂಪನಿ ನಿಷೇಧವನ್ನು ಹಿಂದಕ್ಕೆ ತೆಗೆದುಕೊಂಡಿತು.

ಜರಡಿಯ ಮೊದಲ ದೋಷವೇನೆಂಬುದನ್ನು ನಮ್ಮ ಹಳೆಯ ಪಂಡಿತರು ಒಂದೇ ಮಾತಿನಲ್ಲಿ ಹೇಳಿಬಿಡುತ್ತಿದ್ದರು: ಪದಚ್ಛೇದ ಗೊತ್ತಿಲ್ಲ. ಕಾವ್ಯವನ್ನು ಓದಲು ಕುಳಿತವನು ಮೊದಲು ಕಲಿಯಬೇಕಾದುದು ಎಲ್ಲಿ ಬಿಡಿಸಬೇಕು, ಎಲ್ಲಿ ಬಿಡಿಸಬಾರದು ಎಂಬುದನ್ನು. ಗಮಕಿ ಒಂದು ಅಕ್ಷರ ಆಚೆಗೋ ಈಚೆಗೋ ನಿಲ್ಲಿಸಿದರೆ ಅರ್ಥ ಕೆಟ್ಟು ಸಭೆ ನಗುತ್ತದೆ. ಯಂತ್ರಕ್ಕೆ ಶಬ್ದವೆಂಬುದೇ ಇಲ್ಲ. ಅದಕ್ಕೆ ಕಾಣುವುದು ಅಕ್ಷರಗಳ ಸಾಲು ಮಾತ್ರ. ಸ್ಕನ್‌ಥಾರ್ಪಿನಲ್ಲಿ 'ಟಿ' ಮತ್ತು 'ಎಚ್' ಕೂಡಿ ಆಗುವುದು ಒಂದೇ ಧ್ವನಿ. ಯಂತ್ರವು ಆ ಧ್ವನಿಯ ನಡುವೆಯೇ ಕತ್ತರಿ ಆಡಿಸಿತು.

ಇದು ಯಾವುದೋ ದೂರದೇಶದ ತಮಾಷೆಯೆಂದು ನಾವು ನಗುವ ಹಾಗಿಲ್ಲ. ದೀಕ್ಷಿತ ಎಂಬ ಹೆಸರನ್ನು ತೆಗೆದುಕೊಳ್ಳಿ. ಯಜ್ಞಕ್ಕೆಂದು ದೀಕ್ಷೆ ತೊಟ್ಟವನು ಎಂದು ಅದರ ಅರ್ಥ. ಸಂಗೀತದ ಮುತ್ತುಸ್ವಾಮಿ ದೀಕ್ಷಿತರು, 'ಸಿದ್ಧಾಂತಕೌಮುದಿ'ಯನ್ನು ಬರೆದ ಭಟ್ಟೋಜಿ ದೀಕ್ಷಿತರು ಇದನ್ನು ಹೊತ್ತವರು. ಇದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಕೊನೆಯ ನಾಲ್ಕು, ಅಂದರೆ ಎಸ್, ಎಚ್, ಐ, ಟಿ, ಮಲವನ್ನು ಸೂಚಿಸುವ ಗ್ರಾಮ್ಯ ಪದವಾಗುತ್ತವೆ. ರಕ್ಷಿತ್, ಹರ್ಷಿತ್, ಅಕ್ಷಿತಾ, ಹರ್ಷಿತಾ ಇವೆಲ್ಲ ನಮ್ಮ ನಗರಗಳ ಶಾಲೆಗಳ ಹಾಜರಿ ಪುಸ್ತಕಗಳಲ್ಲಿ ಧಾರಾಳವಾಗಿ ಸಿಗುವ ಹೆಸರುಗಳು. ಎಲ್ಲದರಲ್ಲಿಯೂ ಆ ನಾಲ್ಕು ಅಕ್ಷರಗಳಿವೆ. ಕನ್ನಡದಲ್ಲಿ 'ಕ್ಷ' ಎಂಬುದು ಒಂದು ಒತ್ತಕ್ಷರ. 'ಕ'ಕಾರವನ್ನು ಒಂದೆಡೆ ಬಿಟ್ಟು ಉಳಿದುದನ್ನು ಕಿತ್ತುಕೊಳ್ಳಲು ಯಾವ ಓದುಗನಿಗೂ ತೋಚದು. ಪದಗಳನ್ನು ಎಲ್ಲಿ ಬಿಡಿಸಬೇಕೆಂದು ಲೋಕಕ್ಕೆ ಪಾಠ ಹೇಳಿದ ವೈಯಾಕರಣ ಭಟ್ಟೋಜಿಯೇ ಅಂಥ ಜರಡಿಯ ಮುಂದೆ ಬಂದು ನಿಂತರೂ ಅದು ಅವನನ್ನು ಹೊರಗೆ ನಿಲ್ಲಿಸೀತು.

ಮನುಷ್ಯರೂ ಇಂಥ ತಪ್ಪು ಮಾಡಿದ್ದುಂಟು. 2010ರ ಅಕ್ಟೋಬರಿನಲ್ಲಿ, ದೆಹಲಿಯ ಕಾಮನ್‌ವೆಲ್ತ್ ಕ್ರೀಡೆಗಳ ಸಂದರ್ಭದಲ್ಲಿ, ನ್ಯೂಜಿಲೆಂಡಿನ ದೂರದರ್ಶನ ನಿರೂಪಕ ಪಾಲ್ ಹೆನ್ರಿ ಅಂದಿನ ಮುಖ್ಯಮಂತ್ರಿ ಶೀಲಾ ದೀಕ್ಷಿತರ ಹೆಸರನ್ನು ಹೀಗೆಯೇ ಎಳೆದಾಡಿ ನಕ್ಕನು. ಭಾರತ ಸರ್ಕಾರ ಆ ದೇಶದ ರಾಯಭಾರಿಯನ್ನು ಕರೆಸಿ ಆಕ್ಷೇಪಿಸಿತು. ಇದೂ ಇಂಥ ಇನ್ನೊಂದು ಮಾತೂ ಸೇರಿ ಆತ ಅದೇ ತಿಂಗಳು ಕೆಲಸ ಬಿಡಬೇಕಾಯಿತು. ಮನುಷ್ಯ ತಪ್ಪಿದರೆ ಕೇಳುವುದಕ್ಕೆ ಒಂದು ಮುಖವಾದರೂ ಇರುತ್ತದೆ. ಯಂತ್ರ ತಪ್ಪಿದರೆ ಯಾರ ಮನೆ ಬಾಗಿಲು ತಟ್ಟುವುದು?

ಕೆಲವು ಜರಡಿಗಳು ತಡೆಯುವುದರ ಜೊತೆಗೆ ತಿದ್ದುವ ಕೆಲಸಕ್ಕೂ ಕೈ ಹಾಕಿದವು. 2008ರಲ್ಲಿ ಅಮೆರಿಕದ ಒಂದು ಸಂಪ್ರದಾಯನಿಷ್ಠ ಸಂಸ್ಥೆಯ ವಾರ್ತಾವಿಭಾಗ 'ಗೇ' ಎಂಬ ಪದ ಬಂದಲ್ಲೆಲ್ಲ 'ಹೋಮೊಸೆಕ್ಷುಯಲ್' ಎಂದು ತಾನಾಗಿಯೇ ಬದಲಾಗುವಂತೆ ಏರ್ಪಾಡು ಮಾಡಿತ್ತು. ಆ ಬೇಸಗೆಯಲ್ಲಿ ಒಲಿಂಪಿಕ್ಸಿನ ಆಯ್ಕೆಯ ಓಟದಲ್ಲಿ ಟೈಸನ್ ಗೇ ಎಂಬ ಹೆಸರಾಂತ ಓಟಗಾರ ಮಿಂಚಿದನು. ಮರುದಿನದ ವಾರ್ತೆಯಲ್ಲಿ ಆತ 'ಟೈಸನ್ ಹೋಮೊಸೆಕ್ಷುಯಲ್' ಆಗಿ ಕಾಣಿಸಿಕೊಂಡನು. ತಾಯಿಯಿಂದ ಬಂದ ಹೆಸರು ಒಂದು ರಾತ್ರಿಯಲ್ಲಿ ಬೇರೆಯಾಯಿತು!

ಬರಬರುತ್ತ ತಜ್ಞರು ಯಂತ್ರಕ್ಕೆ ಪದಚ್ಛೇದವನ್ನು ಒಂದಿಷ್ಟು ಕಲಿಸಿದರು. ಶಬ್ದದ ಎರಡು ಕಡೆಯೂ ತೆರಪಿದ್ದರೆ ಮಾತ್ರ ಹಿಡಿಯಬೇಕು; ನಿರ್ದೋಷವಾದ ಹೆಸರುಗಳನ್ನು ಬೇರೊಂದು ಪಟ್ಟಿಯಲ್ಲಿ ಬರೆದಿಟ್ಟು ಬಿಡಬೇಕು. ಆಗ ಎರಡನೆಯ ದೋಷ ಹೊರಬಿದ್ದಿತು. ಇಡೀ ಶಬ್ದವನ್ನೇ ನೋಡಿದರೂ ಅದು ಯಾವ ಭಾಷೆಯದು, ಯಾವ ಸಂದರ್ಭದ್ದು ಎಂಬುದು ತಿಳಿಯಬೇಡವೆ? 2003ರ ಫೆಬ್ರವರಿಯಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯರಿಗೆ ಒಂದು ಹೊಸ ಜರಡಿ ಬಂದಿತು. ಲೈಂಗಿಕ ಅಪರಾಧಗಳ ಮಸೂದೆ ಆಗ ಅವರ ಮುಂದೆಯೇ ಚರ್ಚೆಗೆ ಬಂದಿತ್ತು. ಜರಡಿಯು ಅದರ ವಿಷಯದ ಪತ್ರಗಳನ್ನು ತಡೆಯಿತು. ವೆಲ್ಷ್ ಭಾಷೆಯಲ್ಲಿ ಬರೆದ ಪತ್ರಗಳನ್ನೂ ತಡೆಯಿತು.

2020ರ ಅಕ್ಟೋಬರಿನಲ್ಲಿ ನಡೆದುದು ಇನ್ನೂ ಬೋಧಪ್ರದವಾದುದು. ಬೆನ್ನೆಲುಬುಳ್ಳ ಪ್ರಾಣಿಗಳ ಪಳೆಯುಳಿಕೆಗಳನ್ನು ಅಭ್ಯಾಸ ಮಾಡುವ ವಿದ್ವಾಂಸರ ವಾರ್ಷಿಕ ಸಮ್ಮೇಳನ, ಸಾಂಕ್ರಾಮಿಕದ ಕಾರಣ, ಆ ವರ್ಷ ಅಂತರಜಾಲದಲ್ಲಿ ನಡೆಯಿತು. ಪ್ರಶ್ನೆ ಕೇಳಲು ಒದಗಿಸಿದ್ದ ಯಂತ್ರವು 'ಮೂಳೆ' ಎಂಬರ್ಥದ ಇಂಗ್ಲಿಷ್ ಪದವನ್ನೇ ನಿಷೇಧಿಸಿತ್ತು! ಮೂಳೆಯ ಪಂಡಿತರು ಮೂಳೆ ಎನ್ನಬಾರದು. ಇದು ನಗುವ ಮಾತಾಯಿತು. ನಗಲಾಗದ ಮಾತು ಬೇರೊಂದಿದೆ. ವಾಂಗ್ ಎಂಬ ಹೆಸರೂ ನಿಷಿದ್ಧವಾಗಿತ್ತು. ಚೀಣೀ ಭಾಷೆಯಲ್ಲಿ ವಾಂಗ್ ಎಂದರೆ ದೊರೆ. ನಮ್ಮಲ್ಲಿ ಅರಸು ಎಂಬ ಮನೆತನದ ಹೆಸರಿದ್ದ ಹಾಗೆ. ಕೋಟ್ಯಂತರ ಜನ ಆ ಹೆಸರನ್ನು ಹೊತ್ತಿದ್ದಾರೆ. ಅಮೆರಿಕದ ಗ್ರಾಮ್ಯಭಾಷೆಯಲ್ಲಿ ಮಾತ್ರ ಅದು ಪುರುಷಾಂಗಕ್ಕೆ ಹೇಳುವ ಪೋಲಿ ಮಾತು. ಅದೇ ಗ್ರಾಮ್ಯಭಾಷೆಯಲ್ಲಿ ಜಾನ್ಸನ್ ಎಂಬುದಕ್ಕೂ ಅದೇ ಅರ್ಥವುಂಟು. ಆದರೆ ಜಾನ್ಸನ್ ಎಂಬ ಹೆಸರಿಗೆ ಅಡ್ಡಿಯಿರಲಿಲ್ಲ! ಪಟ್ಟಿ ಮಾಡಿದವರಿಗೆ ಜಾನ್ಸನ್ ನೆರೆಮನೆಯವನು, ವಾಂಗ್ ಬರಿಯ ಶಬ್ದ. ಯಾವ ದುರುದ್ದೇಶವೂ ಇಲ್ಲದೆ ಪಕ್ಷಪಾತ ಹೇಗೆ ನಡೆದುಹೋಗುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಫ್ರಾನ್ಸಿನ ಈಶಾನ್ಯದಲ್ಲಿ ಬಿಚ್ ಎಂಬ ಪುಟ್ಟ ಊರಿದೆ. ಸುಮಾರು 5,000 ಜನ. 1870-71ರ ಯುದ್ಧದಲ್ಲಿ ಜರ್ಮನ್ ಸೈನ್ಯದ ಮುತ್ತಿಗೆಯನ್ನು ತಿಂಗಳುಗಟ್ಟಲೆ ತಡೆದು ನಿಂತ ಕೋಟೆ ಅಲ್ಲಿಯದು. 2021ರ ಮಾರ್ಚ್ 19ರಂದು ಫೇಸ್‌ಬುಕ್ ಕಂಪನಿಯ ಯಂತ್ರ ಆ ಊರಾಡಳಿತದ ಪುಟವನ್ನು ತೆಗೆದುಹಾಕಿತು. ಇಂಗ್ಲಿಷಿನಲ್ಲಿ ಹೆಣ್ಣುನಾಯಿ ಎಂಬರ್ಥದ ಬೈಗುಳವನ್ನು ಹೋಲುತ್ತದೆಂಬುದೇ ಆ ಹೆಸರಿನ ಅಪರಾಧ. ಏಪ್ರಿಲ್ 13ರಂದು ಪುಟ ಮರಳಿ ಬಂದಿತು. ಕಂಪನಿ ಕ್ಷಮೆ ಕೇಳಿತು. ಊರಿಗೊಬ್ಬ ಮೇಯರ್ ಇದ್ದುದರಿಂದ, ಸುದ್ದಿ ಪತ್ರಿಕೆಗಳಿಗೆ ಹೋದುದರಿಂದ, ನ್ಯಾಯ ದೊರೆಯಿತು. ಅದಕ್ಕೂ ಮೂರು ವಾರಗಳಿಗೂ ಹೆಚ್ಚು ಹಿಡಿಯಿತು. ಮೇಯರ್ ಇಲ್ಲದ, ಪತ್ರಿಕೆಗಳ ಪರಿಚಯವಿಲ್ಲದ ಒಬ್ಬ ಸಾಮಾನ್ಯ ಮನುಷ್ಯನ ಹೆಸರು ಹೀಗೆ ಸಿಕ್ಕಿಬಿದ್ದರೆ?

ಅವನು ಮಾಡುವುದು ನಮಗೆಲ್ಲ ಗೊತ್ತಿರುವುದೇ. ಒಂದಕ್ಷರವನ್ನು ಬದಲಾಯಿಸಿ ಅರ್ಜಿಯನ್ನು ದಾಟಿಸುತ್ತಾನೆ. ಆಮೇಲೆ ಬ್ಯಾಂಕಿನಲ್ಲಿ ಒಂದು ಹೆಸರು, ಪದವಿಯ ಪತ್ರದಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು. ಇಬ್ಬರೂ ಒಬ್ಬನೇ ಎಂದು ಸಾಬೀತು ಮಾಡಲು ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಊರುಗಳ ಹೆಸರಿನ ಅಕ್ಷರಗಳನ್ನು ನಾವೂ ತಿದ್ದಿಕೊಂಡೆವು. 2014ರ ನವೆಂಬರ್ 1ರಂದು ಬ್ಯಾಂಗಲೂರ್ ಎಂಬುದು ಇಂಗ್ಲಿಷಿನಲ್ಲಿಯೂ ಬೆಂಗಳೂರೇ ಆಯಿತು. ಆದರೆ ಅಲ್ಲಿ ಯಂತ್ರದ ಬಲವಂತವಿರಲಿಲ್ಲ. ನಮ್ಮ ನಾಲಗೆಗೆ ಒಪ್ಪುವ ಹೆಸರನ್ನು ನಾವೇ ಮರಳಿ ಪಡೆದೆವು.

ಜರಡಿಯೇ ಬೇಡವೆನ್ನುವುದು ಸುಲಭವಲ್ಲ. ಹೆಂಗಸರನ್ನೂ ಮಕ್ಕಳನ್ನೂ ಹೊಲಸು ಮಾತಿನಿಂದ ಹಿಂಸಿಸುವವರು ಇರುವವರೆಗೆ ಅದೂ ಇರಬೇಕಾದೀತು. ಆದರೆ ಹೆಸರಿನ ವಿಷಯದಲ್ಲಿ ಕೊನೆಯ ಮಾತು ಯಂತ್ರದ್ದಾಗಬಾರದು. ಅನುಮಾನ ಬಂದರೆ ಅದು ನಿಲ್ಲಲಿ. ನಿಂತು ಒಬ್ಬ ಮನುಷ್ಯನನ್ನು ಕರೆಯಲಿ. ಇಂದು ಕನ್ನಡದ ಬೈಗುಳಗಳ ಪಟ್ಟಿಯನ್ನೂ ಯಂತ್ರಕ್ಕೆ ಕೊಡುವ ಕಾಲ ಬಂದಿದೆ. ಆ ಪಟ್ಟಿಯನ್ನು ಮಾಡುವವರು ನಮ್ಮ ನಡುವಿನವರೇ. ತುಳು, ಕೊಡವ, ಕೊಂಕಣಿ, ಉರ್ದು ಮನೆಗಳ ಹೆಸರುಗಳು, ಲಂಬಾಣಿ ತಾಂಡಾಗಳ ಹೆಸರುಗಳು ಅವರ ಜರಡಿಯ ಮುಂದೆ ಬಂದು ನಿಲ್ಲುತ್ತವೆ. ನೆರೆಮನೆಯ ಜಾನ್ಸನ್ನನನ್ನು ಒಳಗೆ ಬಿಟ್ಟು ವಾಂಗನನ್ನು ಬಾಗಿಲಲ್ಲೇ ತಡೆದವರ ತಪ್ಪನ್ನು ನಾವೂ ಮಾಡದಿದ್ದರೆ ಸಾಕು.