ಘಾತಾಂಕ

ಒಂದು ಸಂಖ್ಯೆಯನ್ನು ಎಷ್ಟು ಬಾರಿ ಬರೆದು ಗುಣಿಸಬೇಕೆಂದು ಸೂಚಿಸುವ, ಬಲ ಮೇಲ್ಭಾಗದಲ್ಲಿ ಬರೆಯುವ ಸಣ್ಣ ಅಂಕಿ. 2⁵ ಎಂದರೆ 2×2×2×2×2, ಅಂದರೆ 32. ಇಲ್ಲಿ 2 ಆಧಾರ, 5 ಘಾತಾಂಕ. ಇದನ್ನು 2×5 ಎಂದು ಓದಿ 10 ಬರೆಯುವುದು ಮಕ್ಕಳ ಸಾಮಾನ್ಯ ತಪ್ಪು.

ಎರಡನೇ ಘಾತ ವರ್ಗ, ಮೂರನೆಯದು ಘನ. ಕುಂದಾಪುರದ ಗಂಗೊಳ್ಳಿ ಬಂದರಿನಲ್ಲಿ ಮೀನಿಗೆ ಮಂಜುಗಡ್ಡೆ ತುಂಬುವ ಒಂದು ಚೌಕ ಪೆಟ್ಟಿಗೆಯನ್ನು ಊಹಿಸಿಕೊಳ್ಳಿ. ಉದ್ದ, ಅಗಲ, ಎತ್ತರ ಮೂರೂ 1 ಅಡಿಯಾದರೆ ಅದು ಹಿಡಿಯುವುದು 1 ಘನ ಅಡಿ. ಮೂರನ್ನೂ 2 ಅಡಿ ಮಾಡಿದರೆ 2³, ಅಂದರೆ 8 ಘನ ಅಡಿ. ಅಳತೆ ದುಪ್ಪಟ್ಟಾದರೆ ತುಂಬುವ ಮಂಜು ಎಂಟು ಪಟ್ಟು. ಪೆಟ್ಟಿಗೆಯ ಹೊರಮೈಗೆ ಬೇಕಾದ ಹಲಗೆ ಮಾತ್ರ 2², ನಾಲ್ಕೇ ಪಟ್ಟು. ಬಿಸಿ ಒಳಬರುವುದು ಹೊರಮೈಯಿಂದ; ದೊಡ್ಡ ಪೆಟ್ಟಿಗೆಯಲ್ಲಿ ಮಂಜು ನಿಧಾನವಾಗಿ ಕರಗುವುದಕ್ಕೆ ಇದೇ ಮುಖ್ಯ ಕಾರಣ.

2ರ ಘಾತಗಳಲ್ಲಿ 8, 4, 2 ಎಂದು ಅರ್ಧಕ್ಕರ್ಧ ಇಳಿದರೆ ಘಾತಾಂಕ 3, 2, 1 ಎಂದು ಇಳಿಯುತ್ತದೆ. ಮುಂದಿನ ಮೆಟ್ಟಿಲು 1; ಆದ್ದರಿಂದಲೇ 2⁰ = 1. ಇದು ಬಾಯಿಪಾಠದ ನಿಯಮವಲ್ಲ, ಕಣ್ಣಿಗೆ ಕಾಣುವ ಸರಣಿ. ಇನ್ನೂ ಇಳಿದರೆ 2⁻¹ = ½.

ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ, ಸು. 850ರ ‘ಗಣಿತಸಾರಸಂಗ್ರಹ’ದಲ್ಲಿ ವರ್ಗ, ಘನ ಮತ್ತು ಅವುಗಳ ಮೂಲಗಳನ್ನು ವಿವರಿಸಿದ್ದಾನೆ. ಋಣಸಂಖ್ಯೆಯ ವರ್ಗವೂ ಧನವೇ, ಹಾಗಾಗಿ ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂಬ ಅವನ ಮಾತು ಇಂದಿನ ವಾಸ್ತವ ಸಂಖ್ಯೆಗಳಿಗೂ ಸರಿಯೇ. ಒಂದು, ಹತ್ತು, ನೂರು ಎಂಬಂತೆ ಅಂಕಿಯ ಸ್ಥಾನಗಳಿಗೆ ಅವನು ಕೊಟ್ಟ ಹೆಸರುಗಳು 24. ಕೊನೆಯದಾದ ಮಹಾಕ್ಷೋಭ ಇಂದಿನ ಬರಹದಲ್ಲಿ 10²³. ಮೇಲೆ ಸಣ್ಣ ಅಂಕಿ ಬರೆಯುವ ಪದ್ಧತಿ ರೂಢಿಗೆ ಬಂದದ್ದು ಫ್ರಾನ್ಸಿನ ದೆಕಾರ್ತನ 1637ರ ಜ್ಯಾಮಿತಿ ಗ್ರಂಥದಿಂದ.