ಯಾವ ತಕರಾರಿಗೆ ಯಾವ ಬಾಗಿಲು, ಎಷ್ಟು ದಿನದೊಳಗೆ? ಗೆಂಡೆಹಳ್ಳಿ ಸುತ್ತಮುತ್ತಲಿನವರಿಗೆ ಮಾಹಿತಿ

ಗೆಂಡೆಹಳ್ಳಿ: ಅಂಗಡಿ ಬಾಕಿ ಬರಲಿಲ್ಲ ಅಂದ್ರೂ ಪೊಲೀಸ್ ಸ್ಟೇಷನ್, ಪಹಣಿಯಲ್ಲಿ ಹೆಸರು ತಪ್ಪಾದ್ರೂ ಸ್ಟೇಷನ್, ಹೊಸ ಫ್ರಿಡ್ಜ್ ಕೆಟ್ಟರೂ ಸ್ಟೇಷನ್. ನಮ್ಮ ಕಡೆ ಬಹಳ ಜನ ಮೊದಲು ಹೋಗೋದೇ ಅಲ್ಲಿಗೆ. ‘ಇದು ಸಿವಿಲ್ ಮ್ಯಾಟರ್’ ಅಂತ ವಾಪಸ್ ಕಳಿಸುವಷ್ಟರಲ್ಲಿ ಕಾನೂನು ಕೊಟ್ಟ ಗಡುವು ಅರ್ಧ ಕಳೆದಿರುತ್ತದೆ. ನ್ಯಾಯ ನಿಮ್ಮ ಕಡೆಗಿದ್ದರೂ ಗಡುವು ದಾಟಿದರೆ ಕೇಸ್ ನಿಲ್ಲೋದು ಕಷ್ಟ. ಯಾವುದಕ್ಕೆ ಎಲ್ಲಿಗೆ ಹೋಗಬೇಕು ಅನ್ನೋದು ಇಲ್ಲಿದೆ.

ಚೆಕ್ ಬೌನ್ಸ್ ಆದರೆ
ಚೆಕ್‌ನಲ್ಲಿರುವ ದಿನಾಂಕದಿಂದ 3 ತಿಂಗಳೊಳಗೆ ಅದನ್ನು ಬ್ಯಾಂಕಿಗೆ ಹಾಕಬೇಕು. ಹಣವಿಲ್ಲ ಅಂತ ವಾಪಸ್ ಬಂದರೆ, ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ಚೆಕ್ ಕೊಟ್ಟವರಿಗೆ ಲಿಖಿತ ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿದ 15 ದಿನದಲ್ಲಿ ಹಣ ಕೊಡದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು ಹಾಕಬೇಕು. ನಿಮ್ಮ ಖಾತೆ ಇರುವ ಬ್ಯಾಂಕ್ ಶಾಖೆ ಯಾವ ಕೋರ್ಟಿನ ವ್ಯಾಪ್ತಿಗೆ ಬರುತ್ತದೋ ಅಲ್ಲೇ ಕೇಸ್. ತಪ್ಪು ಸಾಬೀತಾದರೆ 2 ವರ್ಷದವರೆಗೆ ಜೈಲು, ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ‘ಮುಂದಿನ ವಾರ ಕೊಡ್ತೀನಿ’ ಅನ್ನೋ ಮಾತು ನಂಬಿ ಕೂತರೆ ನೋಟಿಸ್ ಕೊಡುವ 30 ದಿನ ಸುಮ್ಮನೆ ಕಳೆದುಹೋಗುತ್ತದೆ.

ಅಂಗಡಿಯ ಉದ್ರಿ ಬಾಕಿ
‘ಕಾಫಿ ಮಾರಿದ ಮೇಲೆ ಕೊಡ್ತೀನಿ’ ಅಂತ ಒಯ್ದ ಸಾಮಾನಿನ ಹಣ ವಸೂಲಿಗೆ ಸಿವಿಲ್ ಕೋರ್ಟೇ ದಾರಿ. ಅವಧಿ 3 ವರ್ಷ. ಅದರೊಳಗೆ ಗಿರಾಕಿ ‘ಇಷ್ಟು ಬಾಕಿ ಇದೆ’ ಅಂತ ಬರೆದು ಸಹಿ ಹಾಕಿದರೆ, ಆ ದಿನದಿಂದ ಮತ್ತೆ 3 ವರ್ಷ ಎಣಿಕೆ ಶುರು. ಹಾಗಾಗಿ ವರ್ಷಕ್ಕೊಮ್ಮೆಯಾದರೂ ಪುಸ್ತಕದಲ್ಲಿ ಬಾಕಿ ಬರೆದು ದಿನಾಂಕದ ಜೊತೆ ಸಹಿ ತಗೊಳ್ಳಿ. ಬರೀ ಅಂಗಡಿಯವರ ಕೈಬರಹ ಸಾಕಾಗಲ್ಲ.

ಕೊಂಡ ಮಾಲು ಕೆಟ್ಟರೆ
ಹಾಸನದ ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯವಲ್ಲ. ಬೆಂಗಳೂರಿನ ಕಂಪನಿಯಿಂದ ಆನ್‌ಲೈನ್‌ನಲ್ಲಿ ತರಿಸಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕುವ ಹಕ್ಕು 2019ರ ಕಾಯ್ದೆಯಲ್ಲಿದೆ. ಮೊದಲು 1915ಕ್ಕೆ ಕರೆ ಮಾಡಿ ನೋಡಿ. ಅಂಗಡಿಯವರು ಗಮನಿಸಿ: ಮತ್ತೆ ಮಾರೋಕೆ ತಂದ ಸರಕಿಗೆ ಈ ಕಾಯ್ದೆ ಅನ್ವಯ ಆಗಲ್ಲ.

ಪಹಣಿ, ಜಮೀನು
ಖಾತೆ ಬದಲಾವಣೆಗೆ ಆಕ್ಷೇಪ ಇದ್ದರೆ ನೋಟಿಸ್‌ನಲ್ಲಿ ಹೇಳಿದ ದಿನದೊಳಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆದೇಶ ಒಪ್ಪಿಗೆಯಾಗದಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಆದರೆ ಜಮೀನು ನಿಜವಾಗಿ ಯಾರದ್ದು ಅನ್ನೋದನ್ನು ತೀರ್ಮಾನಿಸುವುದು ಸಿವಿಲ್ ಕೋರ್ಟ್ ಮಾತ್ರ. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕತ್ವ ಬರಲ್ಲ.

ಕಚೇರಿ ಅಲೆದಾಟ
ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆ ಕೇಳಿ ಪಡೆಯಿರಿ. ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು. ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರಕ್ಕೂ ಅವಕಾಶ ಇದೆ. ಕಡತ ಎಲ್ಲಿ ನಿಂತಿದೆ ತಿಳಿಯಬೇಕಾದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು.

ಪೊಲೀಸರು ದೂರು ತಗೊಳ್ಳದಿದ್ದರೆ
ದರೋಡೆ, ಮನೆಗಳ್ಳತನದಂಥ ಗಂಭೀರ ಅಪರಾಧಕ್ಕೆ ಠಾಣೆಯೇ ಸರಿ. ಅಪರಾಧ ಬೇರೆ ಠಾಣೆ ವ್ಯಾಪ್ತಿಯಲ್ಲಿ ನಡೆದಿದ್ದರೂ ದೂರು ದಾಖಲಿಸಬೇಕು. ಎಫ್‌ಐಆರ್ ಪ್ರತಿ ಉಚಿತ. ನಿರಾಕರಿಸಿದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ದೂರು ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟ್. ಮೊಬೈಲ್‌ನಲ್ಲಿ ಹಣ ಎಗರಿಸಿದರೆ ಆ ಕ್ಷಣವೇ 1930ಕ್ಕೆ ಕರೆ ಮಾಡಿ.

ಮನೆಯೊಳಗಿನ ಕಷ್ಟ
ಮಕ್ಕಳು ನೋಡಿಕೊಳ್ಳದ ತಂದೆ-ತಾಯಿ ಜೀವನಾಂಶಕ್ಕೆ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಬರೆದುಕೊಟ್ಟ ದಾನಪತ್ರವನ್ನು, ಷರತ್ತು ಮುರಿದರೆ ರದ್ದು ಮಾಡಿಸಲು 2007ರ ಕಾಯ್ದೆಯಲ್ಲಿ ಅವಕಾಶ ಇದೆ. ಆದ್ದರಿಂದ ಪತ್ರ ಬರೆಸುವಾಗಲೇ ಆ ಷರತ್ತು ಸೇರಿಸಿ. ಹೊಡೆತ, ಹಿಂಸೆ ಅನುಭವಿಸುತ್ತಿರುವ ಹೆಣ್ಣುಮಕ್ಕಳಿಗೆ 181 ಸಹಾಯವಾಣಿ ಇದೆ.

ವಕೀಲರಿಗೆ ದುಡ್ಡಿಲ್ಲ ಅಂದ್ರೆ
ಬೇಲೂರಿನ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರಿಗೆ ವರಮಾನ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಉಳಿದವರಿಗೆ ವರಮಾನ ಮಿತಿ ಇದೆ. ಸಹಾಯವಾಣಿ 15100. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಸಿಗುತ್ತದೆ. ಆದರೆ ಆ ತೀರ್ಮಾನದ ಮೇಲೆ ಅಪೀಲು ಇಲ್ಲ. ಪೂರ್ತಿ ಓದಿಸಿಕೊಂಡು, ಅರ್ಥ ಆದಮೇಲೆ ಸಹಿ ಹಾಕಿ.

ಎಲ್ಲಿಗೇ ಹೋದರೂ ಬಿಲ್, ಚೆಕ್ ವಾಪಸ್ ಬಂದ ಮೆಮೊ, ಅರ್ಜಿಯ ಸ್ವೀಕೃತಿ, ಅಂಚೆಯ ರಸೀದಿ ಇವನ್ನು ಒಂದೇ ಫೈಲಿನಲ್ಲಿಡಿ. ಗಡುವು ಯಾವತ್ತಿನಿಂದ ಶುರುವಾಯ್ತು ಅಂತ ತೋರಿಸೋದು ಅದರ ಮೇಲಿನ ದಿನಾಂಕವೇ.