ಕಾಲುವೆಯ ಮರಾಮತ್ತು

ಕ್ರಿ. ಶ. 1565ರಲ್ಲಿ ರಾಜಧಾನಿಯು ಸೂರೆಹೋದ ಮೇಲೆ ವಿಜಯನಗರದ ಅರಮನೆಗಳು ಕುಸಿದುವು, ಪೇಟೆಬೀದಿಗಳಲ್ಲಿ ಮುಳ್ಳುಕಂಟಿ ಬೆಳೆಯಿತು. ಆದರೆ ಆ ಅರಸರ ಕಾಲದಲ್ಲಿ ತುಂಗಭದ್ರೆಗೆ ಅಣೆಗಳನ್ನು ಕಟ್ಟಿ ಎಳೆದ ರಾಯ, ಬಸವ, ಬೆಲ್ಲ, ಕಾಳಘಟ್ಟ, ತುರ್ತಾ ಮೊದಲಾದ ಕಾಲುವೆಗಳು, ನಾಡಿನ ಒಡೆತನವು ಕೈಯಿಂದ ಕೈಗೆ ದಾಟುತ್ತಿದ್ದಾಗಲೂ, ಹೊಸಪೇಟೆಯ ಸೀಮೆಯ ಭತ್ತದ ಗದ್ದೆಗಳಿಗೂ ಕಬ್ಬು ಬಾಳೆಗಳ ತೋಟಗಳಿಗೂ ನೀರುಣಿಸುತ್ತಲೇ ಬಂದುವು. ಕಲ್ಲಿನ ಮಂಟಪವು ಬಿದ್ದೆಡೆಯಲ್ಲಿ ಮಣ್ಣಿನ ಏರಿಯು ನಿಂತುದಕ್ಕೆ ಕಟ್ಟಿದವರ ಕೌಶಲಕ್ಕಿಂತಲೂ ಮಿಗಿಲಾದ ಕಾರಣ, ವರ್ಷವರ್ಷವೂ ಅದನ್ನು ದುರಸ್ತಿಮಾಡಿದ ಅನಾಮಧೇಯರ ಪರಿಶ್ರಮವೆಂದೇ ನನ್ನ ದೃಢವಾದ ನಂಬಿಕೆ.

ನದಿಯ ಸಹಜವಾದ ಬಂಡೆಗಳ ನಡುವೆ ದೊಡ್ಡ ಗುಂಡುಗಳನ್ನಿಟ್ಟು ಕಟ್ಟಿದ ಆ ಅಣೆಗಳಿಂದ ಪ್ರವಾಹವು ಕಲ್ಲುಗಳನ್ನು ಕಿತ್ತೊಯ್ಯುವುದು. ಕಾಲುವೆಯ ಬಾಯಲ್ಲಿ ಹೂಳು ತುಂಬುವುದು. ಜೊಂಡು ಬೆಳೆದು ಹರಿವು ಮಂದವಾಗುವುದು. ಏಡಿಯೂ ಹೆಗ್ಗಣವೂ ತೋಡಿದ ಬಿಲದಿಂದ ಸಣ್ಣಗೆ ಜಿನುಗುವ ನೀರು, ಯಾರೂ ನೋಡದಿದ್ದರೆ, ಏರಿಯನ್ನೇ ಒಡೆಯುವುದು. ಇವುಗಳ ಫಲವನ್ನು ಮೊದಲು ಉಣ್ಣುವವನು ತೂಬಿನ ಬಳಿಯ ರೈತನಲ್ಲ, ಕಾಲುವೆಯ ಕೊನೆಯಂಚಿನ ಬಡ ಒಕ್ಕಲಿಗ.

ಕೆರೆ ಕಾಲುವೆಗಳನ್ನು ಕಟ್ಟಿಸಿದವರ ಕೀರ್ತಿಯನ್ನು ಸಾರುವ ಶಾಸನಗಳು ನಮ್ಮಲ್ಲಿ ಅಸಂಖ್ಯವಾಗಿವೆ. ದುರಸ್ತಿಯನ್ನು ನೆನೆಯುವವು ಅಷ್ಟು ಹೇರಳವಲ್ಲ. ಆದಕಾರಣ ಹರಿಹರದ ಶಾಸನಗಳು ನನಗೆ ಅತ್ಯಂತ ಪ್ರಿಯವಾದುವು. ಸೂಳೆಕೆರೆಯಿಂದ ಹೊರಟು ತುಂಗಭದ್ರೆಯನ್ನು ಸೇರುವ ಹರಿದ್ರಾ ನದಿಗೆ 1410ರಲ್ಲಿ, ಒಂದನೆಯ ದೇವರಾಯನ ಕಾಲದಲ್ಲಿ, ಒಂದು ಕಟ್ಟೆಯನ್ನು ಕಟ್ಟಿ ಕಾಲುವೆಯನ್ನು ತಂದರು; ದೇವಾಲಯವೂ ಊರಿನ ಬ್ರಾಹ್ಮಣರೂ ನೀರಾವರಿಯ ಭೂಮಿಯನ್ನು ಹಂಚಿಕೊಳ್ಳುವ ಕಟ್ಟಳೆಯಾಯಿತು. ಹದಿನಾಲ್ಕೇ ವರ್ಷಗಳಲ್ಲಿ, 1424ರ ವೇಳೆಗೆ, ಆ ಕಟ್ಟೆಯು ಒಡೆದಿತ್ತು. ಆಗ ದಂಡನಾಯಕ ಚಾಮನೃಪನು ದ್ರವ್ಯವನ್ನಿತ್ತು ಅದನ್ನು ಮತ್ತೆ ಕಟ್ಟಿಸಿದನು. ಒಡೆದುದನ್ನು ಮರೆಮಾಚದೆ, ಪುನಃ ಕಟ್ಟಿದುದನ್ನೂ ಪುಣ್ಯಕಾರ್ಯವೆಂದು ಬರೆದಿಟ್ಟ ಆ ಕಾಲದ ವಿವೇಕವು ವಂದನೀಯವಾದುದು.

ಹೊಸಪೇಟೆಯನ್ನೊಳಗೊಂಡ ಬಳ್ಳಾರಿ ಸೀಮೆಯು ಮದರಾಸು ಸರಕಾರಕ್ಕೆ ಸೇರಿದ್ದ ಕಾಲದಲ್ಲಿ, ಏರಿ ಒಡೆಯುವ ಅಪಾಯ ಬಂದಾಗ ಗ್ರಾಮಸ್ಥರನ್ನು ಕಡ್ಡಾಯವಾಗಿ ದುಡಿಸಿಕೊಳ್ಳಲು 1858ರಲ್ಲಿ ಕಾನೂನೇ ಆಯಿತು. ತನ್ನ ಗದ್ದೆಗಾಗಿ ಗುದ್ದಲಿ ಹಿಡಿಯುವುದಕ್ಕೂ ದಂಡನೆಗೆ ಅಂಜಿ ಹಿಡಿಯುವುದಕ್ಕೂ ಇರುವ ಅಂತರವನ್ನು ಆ ಕಾನೂನು ಅರಿಯಲಿಲ್ಲ.

1953ರಲ್ಲಿ ತುಂಗಭದ್ರಾ ಜಲಾಶಯವು ನೀರು ನೀಡತೊಡಗಿತು. ಪ್ರಾಚೀನ ಅಣೆಗಳಲ್ಲಿ ಕೆಲವು ಮುಳುಗಿದುವು, ಅವುಗಳ ಕಾಲುವೆಗಳಿಗೆ ಹೊಸ ಅಣೆಕಟ್ಟೆಯೇ ಆಧಾರವಾಯಿತು. ಇತ್ತೀಚೆಗೆ ಈ ಕಾಲುವೆಗಳ ಆಧುನೀಕರಣವೂ ನಡೆದು, ಹಲವೆಡೆ ಕಾಂಕ್ರೀಟಿನ ಹೊದಿಕೆ ಬಂದಿದೆ. ಇದರಿಂದ ಸೋರಿಕೆ ಕಡಮೆಯಾಗಿ ಕೊನೆಯಂಚಿಗೆ ನೀರು ಬೇಗ ತಲಪುವುದು ನಿಜವಾದ ಲಾಭ. ಆದರೆ ಆ ಸೋರಿಕೆಯನ್ನೇ ನಂಬಿದ ಬಾವಿಗಳ ಗತಿಯನ್ನೂ ವಿಚಾರಿಸಬೇಕು, ಹಂಪೆಯ ಸ್ಮಾರಕಗಳ ನಡುವೆ ಹರಿಯುವಲ್ಲಿ ಹಳೆಯ ಕಲ್ಲುಕಟ್ಟಡವನ್ನು ಕೆಡಿಸದ ಎಚ್ಚರವೂ ಬೇಕು. ಕಬ್ಬು ಬಾಳೆಗಳು ದೀರ್ಘಕಾಲ ಬಾಯಾರಿ ನಿಲ್ಲಲಾರವಾದುದರಿಂದ ನೀರನ್ನು ನಿಲ್ಲಿಸಿ ಕೆಲಸಮಾಡಲು ದೊರೆಯುವ ಅವಧಿಯು ಅತ್ಯಲ್ಪ. ಬೇಸಗೆಯ ಆ ಕೆಲವೇ ದಿನಗಳಲ್ಲಿ ಹೂಳನ್ನೂ ಎತ್ತಬೇಕು, ಬಿರುಕನ್ನೂ ಮುಚ್ಚಬೇಕು, ತೂಬುಗಳನ್ನೂ ಸರಿಪಡಿಸಬೇಕು.